ನಮ್ಮ ಜಗಲಿಯ ಕಿರುಗುಟ್ಟೋ ಮೆಟ್ಟು

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು. ಆದ್ರೆ ಜಗಲಿ ಮೇಲೆ ಕೂತು ಕಲಿತಿದ್ದನ್ನ ಯಾವ ಕಾಲೇಜಲ್ಲೂ ಹೇಳ್ಕೊಡಲ್ಲ. ಸುಮ್ಮನೆ ಅವರೆಕಾಯಿ ಬಿಡಿಸೋಣ ಅಂತ ಕೂತರೂ ಸರಿ, ಒಂದಲ್ಲ ಒಂದು ತಮಾಷೆ ವಿಳಾಸ ಕೇಳ್ಕೊಂಡು ಬಂದ ಹಾಗೆ ಬಂದು ನಮ್ಮ ಜಗಲಿ ಮುಂದೆ ನಿಲ್ಲುತ್ತೆ. ನಾನಾಗಿ ಕರೆಯೋದಿಲ್ಲ. ಬಂದಿದ್ದನ್ನ ಬಿಡೋದೂ ಇಲ್ಲ.

ಜಗಲಿ ಯಾರದ್ದು

ನಮ್ಮದು ಬ್ರೂಕ್‌ಫೀಲ್ಡ್ ಪಕ್ಕದ ಹಳೇ ಹಳ್ಳಿ. ಎದುರಿನ ಟೆಕ್ ಪಾರ್ಕು ಇನ್ನೂ ಕಟ್ತಾ ಇದ್ದ ಕಾಲ ಅದು. ನಮ್ಮ ವಠಾರದ ಎಂಟು ರೂಮಲ್ಲೂ ಉತ್ತರ ಕರ್ನಾಟಕದವರೇ ತುಂಬಿದ್ದರು, ಎಲ್ಲಾ ಕಾಂಕ್ರೀಟ್ ಕೆಲಸಕ್ಕೆ ಬಂದೋರು. ಅವರಲ್ಲಿ ಅಥಣಿ ಕಡೆಯ ಗಂಡ ಹೆಂಡತಿ ಒಂದು ಜೋಡಿ. ಒಂದು ಭಾನುವಾರ ನಾನು ಮೆಟ್ಟಿನ ಕಿತ್ತೋದ ಬಾರಿಗೆ ಸೇಫ್ಟಿ ಪಿನ್ ಚುಚ್ಚಿಕೊಂಡು ಕಾಲೆಳೀತಾ ಹೋಗ್ತಿದ್ದೆ. ಆ ಅಥಣಿಯವನು ನೋಡಿದ. ನನ್ನ ಕಾಲಿಂದ ಮೆಟ್ಟು ಬಿಚ್ಚಿಸಿಕೊಂಡು, ಒಳಗಿಂದ ದಬ್ಬಳ, ದಾರ ತಂದು, ಕಣ್ಣು ಮುಚ್ಚಿ ತೆಗೆಯೋದರೊಳಗೆ ಹೊಲಿದು ಕೊಟ್ಟ. ಆ ಹೊಲಿಗೆ ನೋಡಿ ನನಗೆ ಬಾಯಿ ಕಟ್ಟಿತು. ನನಗೆ ಬಾಯಿ ಕಟ್ಟೋದು ಅಂದ್ರೆ ಸಾಮಾನ್ಯ ಅಲ್ಲ, ಬೀದೀಲಿ ಯಾರನ್ನಾದ್ರೂ ಕೇಳಿ.

"ಎಲ್ಲಿ ಕಲಿತಿದ್ಯಪ್ಪ ಇದನ್ನ?"

"ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಮೆಟ್ಟ ಮಾಡಿದವ್ರರೀ ಅವ್ವಾರ. ನಾ ಒಬ್ಬಾಂವ ಇಲ್ಲಿ ಸಿಮೆಂಟ್ ಕಲಸಾಕತ್ತೀನಿ."

"ಹಂಗಾದ್ರೆ ಬಾಂಡ್ಲಿ ಇಳಿಸು. ಜಗಲಿ ಖಾಲಿ ಬಿದ್ದಿದೆ, ಬಂದು ಕೂತ್ಕೋ."

ಕೂತ. ಒಂದು ಮರದ ದಿಮ್ಮಿ, ತೊಗಲು ಕೊಯ್ಯೋ ರಂಪಿಗೆ, ಎಣ್ಣೆ ಕುಡಿದ ತೊಗಲಿನ ಹಾಳೆಗಳು. ಪಕ್ಕದಲ್ಲಿ ಅವನ ಹೆಂಡತಿ ದಾರದಂಥ ತೊಗಲಿನ ಎಳೆ ತಗೊಂಡು ಮಗಳಿಗೆ ಜಡೆ ಹಾಕಿದ ಹಾಗೆ ಹೆಣೀತಾ ಕೂತಳು. ವಾರ ಕಳೆಯೋದರೊಳಗೆ ನಮ್ಮ ಜಗಲಿ ಗೋಡೆ ಮೇಲೆ ಮೆಟ್ಟಿನ ತೋರಣ.

ಎಂಟನೇ ದಿನಕ್ಕೆ ನನ್ನ ಮೈದುನ ಬಂದ. ಪಕ್ಕದ ಮೂರು ಅಂತಸ್ತಿನ ಮನೆ ಅವನದ್ದು. ಊರ ದೇವಸ್ಥಾನದ ಕಮಿಟಿ ಅಧ್ಯಕ್ಷ ಬೇರೆ. ಅಂಗಳದಲ್ಲೇ ನಿಂತು, "ಅತ್ತಿಗೆ, ಇದೇನಿದು? ಮನೆ ಜಗಲಿ ಮೇಲೆ ಚರ್ಮದ ಕೆಲಸವಾ? ನಾಕು ಜನ ಏನಂತಾರೆ?" ಅಂದ.

"ಆ ನಾಕು ಜನದ ಕಾಲಲ್ಲಿ ಏನಿದೆ, ಬಾಳೆ ಎಲೆನಾ?"

"ದೇವಸ್ಥಾನಕ್ಕೆ ಹೋಗೋ ದಾರಿ ಕಣ್ರೀ ಇದು!"

"ನಿನ್ನ ದೇವಸ್ಥಾನದ ತಮಟೆಗೆ ಏನು ಬಿಗಿದಿದ್ದಾರಪ್ಪ, ಪ್ಲಾಸ್ಟಿಕ್ಕಾ? ನಿನಗೆ ಅಷ್ಟು ಮಡಿ ಇದ್ರೆ ಇವತ್ತಿಂದ ಬೆಲ್ಟು, ಪರ್ಸು ಎರಡನ್ನೂ ಬಿಚ್ಚಿ ಇಲ್ಲಿಟ್ಟು ದೇವರ ಹತ್ರ ಹೋಗು. ಕಾಯೋಕೆ ಇವನಿದ್ದಾನೆ."

ಮನೆ ನನ್ನ ಪಾಲಿಗೆ ಬಂದಿದ್ದು ನಿಜ. ಆದ್ರೆ ಖಾತೆ ಕಾಗದದಲ್ಲಿ ಅವನ ಹೆಸರೂ ಇನ್ನೂ ಅಂಟ್ಕೊಂಡಿತ್ತು. ಅದನ್ನೇ ಹಿಡ್ಕೊಂಡು, "ಇವರನ್ನ ಇಲ್ಲಿಂದ ಎಬ್ಬಿಸದೆ ಬಿಟ್ರೆ ನಾನು ನಮ್ಮಪ್ಪನ ಮಗನೇ ಅಲ್ಲ" ಅಂತ ಶಪಥ ಮಾಡಿದ. ಶಪಥ ಮಾಡೋವಾಗ ಅವನ ಕೈ ಮಾತ್ರ ಬೆಲ್ಟನ್ನ ಭದ್ರವಾಗಿ ಹಿಡ್ಕೊಂಡಿತ್ತು. ಪಾಪ, ಆ ಹೊಟ್ಟೆಗೆ ಬೆಲ್ಟು ಬಿಚ್ಚಿದ್ರೆ ಪ್ಯಾಂಟು ನಿಲ್ಲೋದಕ್ಕೆ ದೇವರೇ ಬಂದು ಹಿಡ್ಕೋಬೇಕು.

ನಾಯಿಗಳ ಮೆರವಣಿಗೆ

ಟೆಕ್ ಪಾರ್ಕು ಶುರುವಾದ ಮೇಲೆ ಕೊರಳಿಗೆ ಟ್ಯಾಗ್ ಹಾಕ್ಕೊಂಡ ಮಕ್ಕಳು ಒಬ್ಬೊಬ್ಬರೇ ಜಗಲಿಗೆ ಬರೋಕೆ ಹತ್ತಿದರು. ಒಬ್ಬ ಹುಡುಗ ಒಂದು ಜೊತೆ ಮೆಟ್ಟು ಕೊಂಡ. ಅಥಣಿಯವನು ಎಲ್ಲರಿಗೂ ಹೇಳೋ ಹಾಗೆ ಅವನಿಗೂ ಹೇಳಿದ: "ಹೊಸಾ ಮೆಟ್ಟ ಮೊದಲ ನಾಕ ದಿನ ಕಚ್ಚತೈತ್ರಿ. ರಾತ್ರಿ ಎಣ್ಣಿ ಹಚ್ಚಿ ಇಡ್ರಿ. ಆಮ್ಯಾಲ ನಿಮ್ಮ ಕಾಲ ಹೆಂಗೈತಿ ಹಂಗ ಆಕ್ಕತಿ."

ಯಾವ ಎಣ್ಣೆ ಅಂತ ಇವನು ಹೇಳಲಿಲ್ಲ, ಆ ಹುಡುಗ ಕೇಳಲಿಲ್ಲ. ನಮ್ಮ ಕಡೆ ಎಣ್ಣೆ ಹಚ್ಚು ಅಂದ್ರೆ ಹರಳೆಣ್ಣೆ ಅಂತ ಹೊಟ್ಟೇಲಿರೋ ಮಗೂಗೂ ಗೊತ್ತು. ಆ ಹುಡುಗ ಇರೋದು ಪೀಜಿಯಲ್ಲಿ. ಅಲ್ಲಿ ಅವನಿಗೆ ಸಿಕ್ಕ ಎಣ್ಣೆ ಒಂದೇ, ಭಾನುವಾರ ಕಬಾಬು ಕರಿದು ಮಿಕ್ಕಿದ್ದು. ಧಾರಾಳವಾಗಿ ಹಚ್ಚಿದಾನೆ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಜಗಲಿ ಮೇಲಿದ್ದೆ. ಮೊದಲು ಹುಡುಗ ಬಂದ. ಅವನ ಹಿಂದೆ ನಮ್ಮ ಬೀದಿ ಕರಿ ನಾಯಿ. ಅದರ ಹಿಂದೆ ಬೇಕರಿ ನಾಯಿ. ಅದರ ಹಿಂದೆ ನಾನು ಯಾವತ್ತೂ ನೋಡದೇ ಇರೋ ಮೂರು ನಾಯಿ. ಹುಡುಗ ನಿಂತ್ರೆ ಎಲ್ಲಾ ನಿಲ್ಲುತ್ತೆ, ನಡೆದ್ರೆ ಎಲ್ಲಾ ನಡೆಯುತ್ತೆ. ಗೇಟಿನ ಸೆಕ್ಯೂರಿಟಿಯವನು ಅಡ್ಡ ಬಂದು, "ಸಾರ್, ನೀವು ಮಾತ್ರ ಒಳಗೆ ಹೋಗಿ, ಇವರನ್ನ ಬಿಡಕ್ಕಾಗಲ್ಲ" ಅಂದ.

ಹುಡುಗ ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನಮ್ಮ ಜಗಲಿಗೆ ಓಡಿ ಬಂದ. "ಆಂಟಿ, ಈ ಚಪ್ಪಲಿ ಡಿಫೆಕ್ಟು!"

ಅಥಣಿಯವನು ಮೂಸಿ ನೋಡಿ ನಗೋಕೂ ಆಗದೆ ಅಳೋಕೂ ಆಗದೆ ಕೂತ. ನಾನೇ ಹೇಳಿದೆ: "ಚಪ್ಪಲಿ ಸರಿಯಾಗಿದೆ ಕಣಪ್ಪ, ನಿನ್ನ ಒಗ್ಗರಣೆ ಜಾಸ್ತಿ ಆಗಿದೆ."

ಆಮೇಲೆ ಒರೆಸಿ, ಹರಳೆಣ್ಣೆ ಹಚ್ಚಿ ಕೊಟ್ಟ. ಆರು ವರ್ಷ ಹಾಕಿದ ಆ ಹುಡುಗ ಅದನ್ನ. ಕರಿ ನಾಯಿ ಮಾತ್ರ ಇವತ್ತಿಗೂ ಟ್ಯಾಗ್ ಹಾಕಿದೋರನ್ನ ಕಂಡ್ರೆ ಮೊದಲು ಕಾಲು ಮೂಸುತ್ತೆ.

ಎಡಗೈ ಹೆಣಿಗೆ

ಒಂದು ಹುಡುಗಿ ಬಂದಳು. ಬೆಳ್ಳಂದೂರಿನ ಕಡೆ ಆಫೀಸಂತೆ. ಕೈಯಲ್ಲಿ ಚಿನ್ನದ ಅಕ್ಷರದ ಡಬ್ಬಿ, ಡಬ್ಬಿಯೊಳಗೆ ಹೂವಿನ ಹಾಗೆ ಮೆತ್ತನೆ ಕಾಗದ, ಕಾಗದದೊಳಗೆ ಒಂದು ಜೊತೆ ಚಪ್ಪಲಿ. ಹೆಬ್ಬೆರಳು ತೂರಿಸೋ ಉಂಗುಷ್ಠ ಕಿತ್ತಿತ್ತು.

"ತುಂಬಾ ಹುಷಾರಾಗಿ ಮಾಡ್ಬೇಕು ಅಣ್ಣ. ಇದು ಮಾಲಲ್ಲಿ ತಗೊಂಡಿದ್ದು, ಡಿಸೈನರ್ ಪೀಸು. ನಿಮ್ಮ ಹತ್ರ ಇಂಥದ್ದು ಇರಲ್ಲ."

ಅಥಣಿಯವನ ಹೆಂಡತಿ ಯಾವತ್ತೂ ಹೆಚ್ಚು ಮಾತಾಡೋಳಲ್ಲ. ಚಪ್ಪಲಿ ಕೈಗೆ ತಗೊಂಡು ಹೆಣಿಗೆ ಮೇಲೆ ಬೆರಳಾಡಿಸಿ, ಮೆತ್ತಗೆ ಅಂದಳು: "ಇದು ನಾ ಹೆಣದದ್ದರೀ ಅಕ್ಕಾರ."

ಹುಡುಗಿ ನಕ್ಕುಬಿಟ್ಟಳು. ನನಗೆ ಮೈ ಉರೀತು. ಅವಳು ಮಾತ್ರ ಸಿಟ್ಟು ಮಾಡ್ಕೊಳ್ಳಲಿಲ್ಲ. ಗೋಡೆ ಮೇಲಿಂದ ಒಂದು ಜೊತೆ ಇಳಿಸಿ ಪಕ್ಕದಲ್ಲಿಟ್ಟಳು. "ಎಲ್ಲಾರ ಹೆಣಿಗಿ ಬಲಕ್ಕ ಹೊಳ್ಳತೈತ್ರಿ. ನಾ ಎಡಚಿ. ನಂದು ಎಡಕ್ಕ ಹೊಳ್ಳತೈತಿ. ಹಬ್ಬಕ್ಕ ಊರಿಗೆ ಹೋದಾಗ ಅಲ್ಲಿ ಯಾಪಾರಿಗೆ ನಾಕ ಡಜನ್ ಹೆಣದು ಕೊಟ್ಟು ಬಂದಿದ್ನಿ."

ಹುಡುಗಿ ಇದನ್ನೂ ನೋಡಿದಳು, ಅದನ್ನೂ ನೋಡಿದಳು. ಎರಡೂ ಎಡಕ್ಕೇ ತಿರುಗಿತ್ತು. ಅಂಗಡೀಲಿದ್ದ ಬಾಕಿ ಚಪ್ಪಲಿ ಎಲ್ಲಾ ಬಲಕ್ಕೆ, ಇದೊಂದೇ ಬೇರೆ ಥರ ಇತ್ತು ಅಂತಾನೇ ಜಾಸ್ತಿ ಬೆಲೆ ಕೊಟ್ಟು ತಂದಿದ್ದಳಂತೆ! ಮುಖ ಕೆಂಪಾಯ್ತು. "ಹಾಗಾದ್ರೆ ನಾನು ಅಲ್ಲಿ ಅಷ್ಟೊಂದು ಕೊಟ್ಟಿದ್ದು ಯಾತಕ್ಕೆ ಆಂಟಿ?"

"ಡಬ್ಬಿಗೆ ಕಣಮ್ಮ" ಅಂದೆ. "ಚಪ್ಪಲೀನ ಅವರು ಪುಕ್ಕಟೆ ಕೊಟ್ಟಿದ್ದಾರೆ."

ಹುಡುಗಿ ಸಿಟ್ಟಿಗೆ ಆ ಡಬ್ಬೀನ ನಮ್ಮ ಜಗಲೀಲೇ ಎಸೆದು ಹೋದಳು. ನಾನು ಎತ್ತಿಟ್ಟೆ. ಚಿನ್ನದ ಅಕ್ಷರ ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ ಅಂತ. ಬಂತು, ಮುಂದೆ ಹೇಳ್ತೀನಿ.

ನಮ್ಮ ಮಣ್ಣು

ಮೈದುನನ ಹತ್ರ ಒಂದು ಜೊತೆ ಮಾಲಿನ ಬೂಟಿತ್ತು. ಒಳ್ಳೇ ದಿನಕ್ಕೆ ಅಂತ ನಾಕು ವರ್ಷ ಬೀರುವಿನಲ್ಲಿಟ್ಟು ಪೂಜೆ ಮಾಡ್ತಿದ್ದ. ರಾಜ್ಯೋತ್ಸವದ ದಿನ ನಮ್ಮ ಸರ್ಕಲ್ಲಿನಲ್ಲಿ ಸ್ಟೇಜು ಹಾಕಿ ಇವನಿಗೆ ಭಾಷಣ ಕೊಟ್ಟರು. ಅವತ್ತು ಹೊರಗೆ ತೆಗೆದ. ಜಗಲಿ ಮುಂದೆ ಹಾಯ್ದು ಹೋಗ್ತಾ ಕಾಲು ಎತ್ತಿ ತೋರಿಸಿ, "ನೋಡಿ ಅತ್ತಿಗೆ, ಬೂಟು ಅಂದ್ರೆ ಇದು. ನಿಮ್ಮ ಜಗಲಿಯವನು ಏಳು ಜನ್ಮ ಎತ್ತಿ ಬಂದ್ರೂ ಮಾಡಲ್ಲ" ಅಂದ.

ಆ ಬೂಟಿನ ಅಟ್ಟೆ ಬೀರುವಿನೊಳಗೇ ಹಳಸಿ ಹೋಗಿತ್ತು ಕಣ್ರೀ. ಸ್ಟೇಜಿನ ಮೆಟ್ಟಿಲು ಹತ್ತೋವಾಗ ಬಲಗಾಲಿನ ಅಟ್ಟೆ ಮೊದಲ ಮೆಟ್ಟಿಲಲ್ಲೇ ಉಳೀತು. ಎಡಗಾಲಿಂದು ಮೂರನೇ ಮೆಟ್ಟಿಲಲ್ಲಿ. ಮೈಕಿನ ಮುಂದೆ ನಿಲ್ಲೋ ಹೊತ್ತಿಗೆ ಮೇಲೆ ಬೂಟು, ಕೆಳಗೆ ಬರೀ ಕಾಲು. ಅವನಿಗೆ ಗೊತ್ತೇ ಆಗಿಲ್ಲ. ಎದೆ ಉಬ್ಬಿಸಿ ಶುರು ಮಾಡಿದ: "ಬಂಧುಗಳೇ, ಏನೇ ಆಗಲಿ, ನಮ್ಮ ಕಾಲು ಈ ಮಣ್ಣನ್ನ ಬಿಡಬಾರದು!"

ಹಿಂದಿನ ಸಾಲಿಂದ ಒಬ್ಬ ಕೂಗಿದ: "ಬಿಟ್ಟಿಲ್ಲ ಗುರು, ನೋಡ್ಕೋ!"

ಸಾಯಂಕಾಲ ನಮ್ಮ ಹಿತ್ತಲ ಬಾಗಿಲು ತಟ್ಟಿದ. ಟವೆಲ್ಲಿನಲ್ಲಿ ಬೂಟು ಸುತ್ಕೊಂಡು ಬಂದಿದ್ದ. ಅಥಣಿಯವನು ಬೂಟು ತಿರುಗಿಸಿ, ಉಗುರಲ್ಲಿ ಕೆರೆದು, ಮರ್ಯಾದೆಯಿಂದಾನೇ ಹೇಳಿದ: "ಯಜಮಾನ್ರ, ಇದಕ್ಕ ಹೊಲಿಗಿ ನಿಂದ್ರಾಂಗಿಲ್ರಿ. ಇದು ತೊಗಲಽ ಅಲ್ಲ. ರಬ್ಬರಿಗೆ ಬಣ್ಣಾ ಬಡದಾರ."

"ಅತ್ತಿಗೆ, ಇದನ್ನ ಯಾರಿಗೂ ಹೇಳ್ಬೇಡಿ."

"ದೇವರಾಣೆ ಹೇಳಲ್ಲ" ಅಂದೆ. ಹಾಲಿನ ಬೂತಿನವಳು, ಇಸ್ತ್ರಿಯವನು, ನಮ್ಮ ಎಂಟು ರೂಮಿನವರು, ಇವರನ್ನ ಬಿಟ್ಟು ಇನ್ಯಾರಿಗೂ ನಾನು ಹೇಳಿಲ್ಲ.

ಮರ್ಯಾದೆ ಹೋದ ಸಿಟ್ಟನ್ನೆಲ್ಲಾ ಅವನು ಜಗಲಿ ಮೇಲೆ ತೀರಿಸ್ಕೊಂಡ. ಅವನ ಮಗಳನ್ನ ನೋಡೋಕೆ ಅತ್ತಿಬೆಲೆಯಿಂದ ಗಂಡಿನ ಕಡೆಯವರು ಬರೋದಿತ್ತು. "ಅವತ್ತಿಗೆ ಜಗಲಿ ಮೇಲೆ ಒಂದು ತುಂಡು ಚರ್ಮ ಕಂಡ್ರೂ ಲಾರಿ ತರಿಸಿ ಎತ್ತಾಕ್ತೀನಿ. ಖಾತೇಲಿ ನನ್ನ ಹೆಸರಿದೆ" ಅಂದ.

"ಲಾರೀಲಿ ಮೊದಲು ನನ್ನ ಹತ್ತಿಸು" ಅಂದೆ. ಅಂದು ಒಳಗೆ ಹೋಗಿ ಖಾತೆ ಕಾಗದ ತೆಗೆದು ನೋಡಿದೆ, ಅವನ ಹೆಸರು ಇನ್ನೂ ಅಲ್ಲೇ ಇತ್ತು. ಅಥಣಿಯವಳು ಅವತ್ತು ಹೆಣಿಗೆ ಎರಡು ಸಲ ಬಿಚ್ಚಿ ಹಾಕಿದಳು.

ಬೀಜ

ಅದೇ ವಾರ ನನ್ನ ಓರಗಿತ್ತಿ, ಅಂದ್ರೆ ಆ ಮೈದುನನ ಹೆಂಡತಿ, ಸೆರಗಲ್ಲಿ ಮೂಗು ಒರೆಸ್ಕೊಂಡು ಬಂದಳು. "ಅಕ್ಕ, ಇವರು ದಿನಾ ಮಧ್ಯಾಹ್ನ ಮೂರಕ್ಕೆ ಕಮಿಟಿ ಕೆಲಸ ಅಂತ ಹೋಗ್ತಾರೆ. ಪೂಜಾರಪ್ಪನ್ನ ಕೇಳಿದ್ರೆ, ಮಧ್ಯಾಹ್ನ ದೇವಸ್ಥಾನಕ್ಕೆ ಬೀಗ ಹಾಕಿರುತ್ತೆ ಅಂತಾರೆ!"

ಎಷ್ಟು ವರ್ಷದ ಮೇಲೆ ನನ್ನ ಕಿವಿಗೆ ಇಂಥ ಸಿಹಿ ಬಿತ್ತು! ಒಂದು ತೊಟ್ಟು ಕಾಫಿ ಕೊಟ್ಟು ಸಮಾಧಾನ ಮಾಡಿದೆ. ದಿಮ್ಮಿ ಮೇಲೆ ತೊಗಲು ಬಡೀತಿದ್ದ ಅಥಣಿಯವನು ತಲೆ ಎತ್ತದೇನೇ ಅಂದ: "ನಮ್ಮ ಕಡೆ ಒಂದ ನಮೂನಿ ಮೆಟ್ಟ ಐತ್ರಿ. ಎರಡ ಪದರಿನ ನಡುವ ಒಂದ ಜಾತಿ ಬೀಜ ಇಟ್ಟ ಹೊಲೀತೀವಿ. ನಡದ್ರ ಕಿರ್ರ್ ಕಿರ್ರ್ ಅಂತೈತಿ. ದೊಡ್ಡ ಮಂದಿ ಹಾಕ್ಕೋತಾರ. ಓಣ್ಯಾಗ ಯಾರ ಬರಾಕತ್ತಾರಂತ ಮನಿಯೊಳಗ ಕುಂತಽ ಗೊತ್ತಾಕ್ಕತಿ."

ನಾನು ಓರಗಿತ್ತಿ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

ಅವಳು ತಂದುಕೊಟ್ಟ ಗಂಡನ ಅಳತೆಗೆ ನಾಕು ದಿನದಲ್ಲಿ ಮೆಟ್ಟು ತಯಾರು. ಏನು ಹೊಳಪು, ಏನು ಹೆಣಿಗೆ, ಮದುವೆ ಗಂಡು ಹಾಕೋ ಹಾಗಿತ್ತು. ಜಗಲಿಯದ್ದು ಅಂದ್ರೆ ಅವನು ಮುಟ್ಟಲ್ಲ. ಅಟ್ಟದಿಂದ ಆ ಚಿನ್ನದ ಅಕ್ಷರದ ಡಬ್ಬಿ ಇಳಿಸಿದೆ. ಮೆತ್ತನೆ ಕಾಗದದಲ್ಲಿ ಸುತ್ತಿ, ಬೀಗರ ಮುಂದೆ ಹಾಕ್ಕೊಳ್ಳೋಕೆ ಮಾಲಿಂದ ತಂದಿದ್ದು ಅಂತ ಓರಗಿತ್ತಿ ಕೈಲಿ ಕೊಡಿಸಿದೆ. ಮೈದುನ ಹಾಕ್ಕೊಂಡು ಬೀದಿ ತುಂಬಾ ಓಡಾಡಿದ. ಕಿರ್ರ್, ಕಿರ್ರ್. ನಮ್ಮ ಜಗಲಿ ಮುಂದೆ ನಿಂತು ಅಥಣಿಯವನಿಗೇ ಬುದ್ಧಿ ಹೇಳಿದ: "ಕೇಳಿಸ್ತಾ ಸೌಂಡು? ಇದು ಮಾಲ್ ಕ್ವಾಲಿಟಿ. ನೋಡಿ ಕಲಿ."

"ಕಲೀತೀನ್ರಿ ಯಜಮಾನ್ರ" ಅಂದ ಅವನು.

ಮಾರನೇ ದಿನ ಮೂರು ಗಂಟೆಗೆ ಸದ್ದು ಮನೆ ಬಿಡ್ತು. ದೇವಸ್ಥಾನದ ಕಡೆ ಹೋಗಲಿಲ್ಲ, ಹಿಂದಿನ ಬೀದಿಗೆ ತಿರುಗಿತು. ಹಿಂದಿನ ಬೀದೀಲಿ ವಿಜಾಪುರದ ಕಡೆಯವಳೊಬ್ಬಳು ಖಾನಾವಳಿ ಇಟ್ಟಿದ್ದಳು. ಗಂಡ ಇಲ್ಲ. ಕಣ್ಣಿಗೆ ಕಾಡಿಗೆ ಇದೆ. ನನಗೆ ಅಷ್ಟು ಸಾಕಾಗಿತ್ತು. ಓರಗಿತ್ತಿ, ನಾನು, ಹಾಲಿನ ಬೂತಿನವಳು, ಮೂರೂ ಜನ ಸದ್ದಿನ ಹಿಂದೇನೇ ಹೋದ್ವಿ. ಸದ್ದು ಖಾನಾವಳಿ ಒಳಗೆ ಹೋಗಿ ನಿಂತಿತು. ಓರಗಿತ್ತಿ ಬಾಗಿಲು ತಳ್ಳಿದಳು.

ಮೈದುನ ಚಾಪೆ ಮೇಲೆ ಚಕ್ಕಂಬಕ್ಕಲ ಹಾಕ್ಕೊಂಡು ಕೂತಿದ್ದ. ಮುಂದೆ ತಟ್ಟೆ, ತಟ್ಟೇಲಿ ಶೇಂಗಾ ಹೋಳಿಗೆ, ಮೀಸೆ ಮೇಲೆ ತುಪ್ಪ. ಖಾನಾವಳಿಯವಳು ಸೌಟು ಹಿಡಿದು ಬೈತಾ ಇದ್ದಳು: "ಸಕ್ಕರಿ ಜಡ್ಡ ಐತಿ ಅಂತೀರಿ, ಆರು ತಿಂತೀರಿ. ನಾಳಿಂದ ನನ್ನ ಮನಿಗೆ ಬರಬ್ಯಾಡ್ರಿ!"

ಮನೇಲಿ ಡಾಕ್ಟರ ಮಾತು ಕೇಳಿ ಓರಗಿತ್ತಿ ಸಿಹಿ ಬಂದ್ ಮಾಡಿದ್ದಳು. ಅದಕ್ಕೆ ಈ ಕಮಿಟಿ ಮೀಟಿಂಗು. ಓರಗಿತ್ತಿ ಗಳಗಳ ಅತ್ತಳು, ಖುಷಿಗೆ. ನನಗೂ ಕಣ್ಣಲ್ಲಿ ನೀರು ಬಂತು. ನಾಕು ದಿನದಿಂದ ಇಡೀ ಬೀದಿಗೆ ಹಂಚಿದ್ದ ಕಥೆ ಹೋಳಿಗೆ ಆಗಿ ಹೋಯ್ತಲ್ಲ ಅಂತ.

ಓಟ

ಗಂಡಿನ ಕಡೆಯವರು ಬರೋ ದಿನ ಬಂತು. ಬೆಳಿಗ್ಗೆ ಎದ್ದು ನೋಡಿದ್ರೆ ಜಗಲಿ ಗೋಡೆ ಖಾಲಿ. ಬಾಗಿಲಲ್ಲಿ ಲಗೇಜ್ ಆಟೋ ನಿಂತಿದೆ. ಅಥಣಿಯವನು ತೊಗಲಿನ ಸುರುಳಿ ಹತ್ತಿಸ್ತಾ ಇದ್ದ.

"ಏನೋ ಇದು? ನಾನು ಸತ್ತಿದೀನಾ?"

"ಹೆಣ್ಣಮಗಳ ಮದವಿ ನಮ್ಮಿಂದ ನಿಂದರಬಾರದ್ರಿ ಅವ್ವಾರ. ಪೀಣ್ಯಾದಾಗ ನಮ್ಮ ಮಂದಿ ಅದಾರ. ಫ್ಯಾಕ್ಟರಿ ಕೆಲಸ ಕೊಡಸ್ತಾರಂತ."

ನಾನು ಬೈದೆ, ಕೈ ಹಿಡಿದು ಎಳೆದೆ. ಕೇಳಲಿಲ್ಲ. ಕೊನೆಗೆ ಆ ಮರದ ದಿಮ್ಮಿ ಎತ್ತೋಕೆ ಬಂದ್ರು ನೋಡಿ, ಅದರ ಮೇಲೆ ಹೋಗಿ ಕೂತೇಬಿಟ್ಟೆ. "ಇದನ್ನ ತಗೊಂಡು ಹೋಗೋದಾದ್ರೆ ನನ್ನ ಸಮೇತ ಎತ್ತಿ." ಗಂಡ ಹೆಂಡತಿ ಮುಖ ಮುಖ ನೋಡ್ಕೊಂಡ್ರು. ಅವಳು ನನ್ನ ಕಾಲು ಮುಟ್ಟಿ ಆಟೋ ಹತ್ತಿದಳು. ದಿಮ್ಮಿ ನನ್ನ ಕೆಳಗೇ ಉಳೀತು.

ಹಂಗೇ ಕೂತಿದ್ದೆ, ಕಾರು ಬಂದವು. ಗಂಡಿನ ತಾತನೂ ಬಂದಿದ್ದರು. ಎಂಬತ್ತರ ಮುದುಕ, ಬೆಳ್ಳಗೆ ಪಂಚೆ, ಕೈಯಲ್ಲಿ ಕೋಲು. ಮೈದುನ ರೇಷ್ಮೆ ಪಂಚೆ ಉಟ್ಟು ಎದುರುಗೊಳ್ಳೋಕೆ ಬಂದ. ಕಿರ್ರ್, ಕಿರ್ರ್, ಕಿರ್ರ್.

ತಾತ ಬೀದಿ ಮಧ್ಯದಲ್ಲೇ ನಿಂತುಬಿಟ್ಟರು. "ಇನ್ನೊಂದು ಸಲ ನಡೀರಿ."

ಮೈದುನ ನಡೆದ.

"ನಮ್ಮಪ್ಪ ಹೊಲದಿಂದ ಬಂದ್ರೆ ಇಂಗೇ ಕೇಳ್ತಿತ್ತು" ಅಂದ್ರು ತಾತ. ಕಣ್ಣು ಒದ್ದೆ ಆಗಿತ್ತು. "ಈ ಕಾಲದಲ್ಲಿ ಇದನ್ನ ಯಾರು ಮಾಡಿಕೊಟ್ರು ನಿಮಗೆ?"

"ಮಾಲಲ್ಲಿ ತಗೊಂಡಿದ್ದು ಯಜಮಾನ್ರೇ, ಕಂಪನಿದು."

ಇನ್ನೂ ಸುಮ್ಮನಿರೋಕೆ ನಾನೇನು ಗೋಡೆನಾ? ದಿಮ್ಮಿ ಮೇಲಿಂದ ಕೂಗಿದೆ: "ಯಜಮಾನ್ರೇ, ಬಿಚ್ಚಿಸಿ ನೋಡಿ. ಹೆಣಿಗೆ ಎಡಕ್ಕೆ ತಿರುಗಿದೆ. ಹೆಣೆದೋಳು ಎಡಚಿ. ಹೊಲಿದೋನು ಇದೇ ಜಗಲಿ ಮೇಲೆ, ಇದೇ ದಿಮ್ಮಿ ಮುಂದೆ ಕೂತಿದ್ದ. ನೀವು ಬರ್ತೀರಿ ಅಂತ ನಿಮ್ಮ ಬೀಗರು ಇವತ್ತು ಬೆಳಿಗ್ಗೆ ಓಡಿಸಿದ್ದಾರೆ."

ಮೈದುನ ಹೆಂಡತಿ ಕಡೆ ತಿರುಗಿದ. ಅವಳು ನೆಲ ನೋಡ್ತಾ, "ಡಬ್ಬಿ ಮಾತ್ರ ಮಾಲಿಂದು ಕಣ್ರೀ" ಅಂದಳು.

ತಾತ ನೆಟ್ಟಗೆ ನಮ್ಮ ಜಗಲಿ ಹತ್ತಿ ನನ್ನ ಪಕ್ಕ ಕೂತರು. ಕೋಲು ಗೋಡೆಗೆ ಒರಗಿಸಿ, ಬಲಗಾಲು ಮುಂದಕ್ಕೆ ಚಾಚಿದರು. "ಅವನು ಬಂದು ಈ ಕಾಲಿಗೆ ಅಳತೆ ತಗೊಳ್ಳೋ ತನಕ ನಾನು ನಿಮ್ಮನೆ ಒಳಗೆ ಬರಲ್ಲ. ಹೆಣ್ಣು ಎಲ್ಲೂ ಹೋಗಲ್ಲ, ಆ ಕೈ ಹೋದ್ರೆ ಮತ್ತೆ ಸಿಗಲ್ಲ."

ಒಳಗೆ ಉಪ್ಪಿಟ್ಟು ತಣ್ಣಗಾಗ್ತಿತ್ತು. ಮೈದುನ ಬೆವರಿದ. ಆಮೇಲೆ ರೇಷ್ಮೆ ಪಂಚೆ ಎತ್ತಿ ಕಟ್ಟಿ ಓಡಿದ ನೋಡಿ! ಕಿರ್ ಕಿರ್ ಕಿರ್ ಕಿರ್! ಕರಿ ನಾಯಿ ಅವನ ಹಿಂದೆ. ಬೀದಿ ಜನವೆಲ್ಲಾ ಬಾಗಿಲಿಗೆ.

ಮುಂದಿನ ಕಥೆ ಅಥಣಿಯವನೇ ಹೇಳಿದ್ದು. ಆಟೋ ಹೊರಟು ಮುಕ್ಕಾಲು ಗಂಟೆಯಾದರೂ ಮೇನ್ ರೋಡಿನ ಸಿಗ್ನಲ್ ದಾಟಿರಲಿಲ್ಲವಂತೆ. ನಮ್ಮ ಟ್ರಾಫಿಕ್ಕಿಗೆ ನಾನು ಕೈ ಮುಗಿದಿದ್ದು ಅವತ್ತು ಒಂದೇ ದಿನ. ಅಷ್ಟು ಹಾರನ್ನಿನ ನಡುವೆ ಅವನು ಹೆಂಡತಿಗೆ, "ತಡಿ, ನನ್ನ ಬೀಜ ಓಡಿ ಬರಾಕತ್ತೈತಿ" ಅಂದನಂತೆ. ತಿರುಗಿ ನೋಡಿದ್ರೆ ಕಮಿಟಿ ಅಧ್ಯಕ್ಷರು, ಏದುಸಿರು ಬಿಡ್ತಾ, "ಅಣ್ಣಾ, ನಿಲ್ಲಣ್ಣಾ, ನಿನ್ನ ದಮ್ಮಯ್ಯ ಕಣಣ್ಣಾ" ಅಂತ ಆಟೋ ಕಂಬಿ ಹಿಡ್ಕೊಂಡ್ರಂತೆ.

ವಾಪಸ್ ಬಂದ್ರು. ತಾತ ಮೈದುನನ್ನ ಕೇಳಿದರು: "ಇವನು ಎಲ್ಲಿ ಕೂತ್ಕೋಬೇಕು?"

ಅವನು ನನ್ನ ಮುಖ ನೋಡಲಿಲ್ಲ. "ಜಗಲಿ ಮೇಲೆ. ಇನ್ನೆಲ್ಲಿ."

ಆಗ ನಾನು ದಿಮ್ಮಿಯಿಂದ ಎದ್ದೆ. ಸೊಂಟ ಹಿಡ್ಕೊಂಡಿತ್ತು, ಆದ್ರೂ ಎದ್ದೆ. ಹುಡುಗಿ ಒಪ್ಪಿಗೆ ಆದ್ಲು. ತಾತನ ಮುಂದೇನೇ ಖಾತೆ ಮಾತು ಎತ್ತಿದೆ. ಬೀಗರೆದುರು ಇಲ್ಲ ಅನ್ನೋಕಾಗದೆ, ವಾರದೊಳಗೆ ತನ್ನ ಹೆಸರು ತೆಗೆಸೋ ಕಾಗದಕ್ಕೆ ಸೈನೂ ಹಾಕಿಕೊಟ್ಟ.

ಗಂಡಿನ ಕಡೆಯವರು ಬಂದು ಹೋದ ಮಾರನೇ ಬೆಳಿಗ್ಗೆ ಬಾಗಿಲು ತೆಗೆದ್ರೆ ಜಗಲಿ ಮುಂದೆ ಹೆಂಗಸರ ಕ್ಯೂ. ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ನ್ಯೂಸ್ ಪೇಪರು, ಅದರ ಮೇಲೆ ಪೆನ್ಸಿಲಲ್ಲಿ ಗಂಡನ ಪಾದದ ಗೆರೆ. ಮಲಗಿದ್ದಾಗ ಅಳತೆ ಬರ್ಕೊಂಡು ಬಂದಿದ್ದಾರೆ. ಹಾಲಿನ ಬೂತಿನವಳು, "ಹೆಣಿಗೆ ಎಂಗಾದ್ರೂ ಇರ್ಲಿ ಅಣ್ಣ, ಬೀಜ ಮಾತ್ರ ಎರಡಿಡು" ಅಂತಿದ್ದಳು.

ಕ್ಯೂನಲ್ಲಿ ಎಲ್ಲರಿಗಿಂತ ಮೊದಲು ನಿಂತಿದ್ದೋಳು ನನ್ನ ಓರಗಿತ್ತಿ.

"ಇನ್ನೊಂದು ಜೊತೆ ಯಾಕೆ ಕಣೇ? ನಿನ್ನ ಗಂಡನಿಗೆ ಆಗ್ಲೇ ಇದೆಯಲ್ಲ!"

ಅವಳು ಪೇಪರನ್ನ ಸೆರಗಲ್ಲಿ ಮುಚ್ಕೊಂಡು ಮೆಲ್ಲಗೆ ಅಂದಳು: "ಇದು ಅವರದ್ದಲ್ಲ ಅಕ್ಕ. ನಿನ್ನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದಾಗ ಗೆರೆ ಎಳ್ಕೊಂಡೆ. ಅಳಿಯಂದ್ರದ್ದು."